ಕಮಾನಿನ ಕೆಳಗೆ ನಿಂತವರು

ಹೋದ ವಾರ, ನಮ್ಮ ಮನೆ ಉಳಿಸಿಕೊಟ್ಟ ಮೇಸ್ತ್ರಿಯ ಮಗಳು ಚಿತ್ತಾಪುರದ ಕಡೆಯ ಹಳ್ಳಿಯಿಂದ ಫೋನು ಮಾಡಿದ್ದಳು. ಅಪ್ಪನ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು, ಇನ್ನು ಹೈದರಾಬಾದಿಗೆ ಕೆಲಸಕ್ಕೆ ಕಳಿಸುವುದಿಲ್ಲ, ಗಾರೆ ಮೆತ್ತುವ ಕರಣಿ ಕೆಳಗಿಡಿಸಿದ್ದೇವೆ ಎಂದಳು. ಹಿಂದಿನಿಂದ ಮುದುಕರ ಧ್ವನಿ ಕೇಳಿಸಿತು: "ಮನಿ ಹ್ಯಾಂಗದ ಕೇಳು. ಮನಿ." ನಾನು ಹೇಗಿದ್ದೇನೆ ಅಂತ ಅಲ್ಲ! ನನ್ನ ಮೊಣಕಾಲು, ನಮ್ಮವರ ಸಕ್ಕರೆ ಕಾಯಿಲೆ ಯಾವುದೂ ಅವರಿಗೆ ಬೇಕಿಲ್ಲ. ಗಟ್ಟಿಯಾಗಿದೆ ಅಂತ ಹೇಳು ತಾಯಿ ಎಂದೆ. "ಹಾಂ, ಮತ್ತ!" ಅಂದರು. ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ಒಬ್ಬಳೇ ನಗುತ್ತಿದ್ದೆ.

ಅವರ ಹೆಸರು ನನಗೆ ಗೊತ್ತಿಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ನನ್ನ ಫೋನಿನಲ್ಲಿ ಇರುವುದೂ 'ಮೇಸ್ತ್ರಿ ಮಗಳು' ಅಂತಲೇ. ಒಮ್ಮೆ ಕೇಳಿದ್ದೆ. "ಮೇಸ್ತ್ರಿ ಅನ್ರಿ, ಓ ಅಂತೀನಿ" ಎಂದಿದ್ದರು. ಅಷ್ಟಕ್ಕೇ ಬಿಟ್ಟುಬಿಟ್ಟೆ.

ಮೊದಲು ಮನೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮೇಸ್ತ್ರಿ ನಿಮಗೆ ಸಿಕ್ಕುವುದಿಲ್ಲ. ನಿಜ ಹೇಳಬೇಕೆಂದರೆ ನಮ್ಮದು ಮನೆಯಲ್ಲ, ಒಂದು ಗೇಟು. ಹೈದರಾಬಾದಿನ ಈ ಮೆಹದಿಪಟ್ಟಣಂ ಊರಾಚೆಯ ಬಯಲಾಗಿದ್ದ ಕಾಲದಲ್ಲಿ ಯಾರೋ ನವಾಬರು ಇಲ್ಲಿ ದೊಡ್ಡದೊಂದು ತೋಟ ಮಾಡಿ, ಬೇಸಿಗೆಗೆ ಬಂದಿರಲು ಮಹಲು ಕಟ್ಟಿಸಿದ್ದರಂತೆ. ಆ ತೋಟದ ಹೆಬ್ಬಾಗಿಲೇ ನಮ್ಮ ಮನೆ. ಎರಡಾಳೆತ್ತರದ ಒಂದು ಕಮಾನು ಮುಂದಕ್ಕೆ ಚಾಚಿಕೊಂಡಿದೆ. ಅದರ ಹಿಂದೆ ಗಾಡಿ ಹಾದುಹೋಗುವ ಉದ್ದನೆಯ ದಾರಿ, ಆ ದಾರಿಯ ಎಡಕ್ಕೂ ಬಲಕ್ಕೂ ಕಾವಲುಗಾರರ ಒಂದೊಂದು ಕೋಣೆ. ಕಮಾನಿನ ನೆತ್ತಿಯ ಮೇಲೆ, ತಲೆ ತಗ್ಗಿಸಿ ಹೋಗಬೇಕಾದ ಒಂದು ಪುಟ್ಟ ಕೋಣೆ. ಮಹಲು ಹೋಯಿತು, ಕಾರಂಜಿ ಹೋಯಿತು, ತೋಟ ಹೋಗಿ ಅಪಾರ್ಟ್‌ಮೆಂಟುಗಳು ಬಂದವು. ಗೇಟು ಮಾತ್ರ ಉಳಿಯಿತು. ಕಲಬುರಗಿಯಿಂದ ನೌಕರಿಗೆ ಬಂದಿದ್ದ ನಮ್ಮ ಮಾವನವರು ಅದನ್ನು ಕೊಂಡು, ಗಾಡಿ ದಾರಿಯ ಹಿಂದಿನ ಬಾಯಿ ಮುಚ್ಚಿಸಿ, ಮುಂದೆ ಕಮಾನಿನಿಂದ ಹತ್ತಡಿ ಒಳಗೆ ಗೋಡೆ ಎಬ್ಬಿಸಿ ಬಾಗಿಲಿಟ್ಟು, "ಇದು ಹಾಲು, ಪಡಸಾಲಿ" ಎಂದರು. ಆಯಿತು, ಮನೆ!

ಮದುವೆಯಾಗಿ ಬಂದಾಗ ನನಗೆ ಅಳು ಬಂದಿತ್ತು. ಕುದುರೆ ಗಾಡಿ ಓಡಾಡುತ್ತಿದ್ದ ಜಾಗದಲ್ಲಿ ಸೋಫಾ ಹಾಕಿ ಕೂರುವುದೆಂದರೇನು! ಸೀಲಿಂಗ್ ಫ್ಯಾನಿಗೆ ನಾಲ್ಕಡಿ ರಾಡು. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಹಾಲಿನಲ್ಲಿ ಮೂರು ಸಲ ಕೇಳಿಸುತ್ತದೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲೇ ನನ್ನ ಮಗಳು ಹಾಸಿಗೆ ಹಾಸಿ ಮಲಗುತ್ತಿದ್ದಳು, ಮೇಲಿನ ಕೋಣೆಗೆ ಹತ್ತುವ ಮೆಟ್ಟಿಲು ಗೋಡೆಯ ಹೊಟ್ಟೆಯೊಳಗೇ ಇದೆ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಊರೆಲ್ಲ ಕುದಿಯುವಾಗ ನಮ್ಮ ಹಾಲಿನಲ್ಲಿ ಮಧ್ಯಾಹ್ನ ಚಾದರ ಬೇಕು. ಹತ್ತು ಬೇಸಿಗೆ ಕಳೆಯುವಷ್ಟರಲ್ಲಿ ಈ ಗೇಟನ್ನು ಯಾರಾದರೂ ಗೇಟು ಅಂದರೆ ನನಗೆ ಸಿಟ್ಟು ಬರತೊಡಗಿತ್ತು.

ಇಂಥ ಮನೆಗೆ ಏಟು ಹಾಕಿದವಳು ನಾನೇ.

ಐವತ್ತೆರಡನೇ ವಯಸ್ಸಿನಲ್ಲಿ ನನಗೆ ಕಾರಿನ ಹುಚ್ಚು ಹಿಡಿಯಿತು. ಕಲಿತೆ, ಕೊಂಡೆ, ಆದರೆ ಕಮಾನಿನ ಕೆಳಗೆ ತಂದು ನಿಲ್ಲಿಸಲು ಆಗಲಿಲ್ಲ. ನಮ್ಮ ಗಲ್ಲಿ ಕಿರಿದು. ಕಮಾನಿನ ಎರಡೂ ಕಾಲುಗಳ ಹೊರಮಗ್ಗುಲಿಗೆ ಒಂದೊಂದು ಕಟ್ಟೆ ಇತ್ತು. ಕೂರಲು ಅಗಲವಾದ ಜಾಗ, ಅದರ ಬೆನ್ನಿಗೆ ಆಳೆತ್ತರದ ಇಳಿಜಾರು ಗಾರೆ. ಎಡಗಡೆಯ ಕಟ್ಟೆ ಕಾರು ತಿರುಗಿಸಲು ಅಡ್ಡ ಬರುತ್ತಿತ್ತು. ಕಾವಲುಗಾರರಿಗೆ ಕೂರಲು ಕಟ್ಟೆ, ಒರಗಲು ದಿಂಬು, ನವಾಬರ ಮನೆಯ ಕೆಲಸ ಅಂದರೆ ಇಷ್ಟು ಸುಖ ಅಂತ ನಾವೆಲ್ಲ ನಗಾಡುತ್ತಿದ್ದೆವು. ನಮ್ಮವರು ಒಂದು ಮದುವೆಗೆ ಊರಿಗೆ ಹೋದ ವಾರ, ಇಬ್ಬರು ಕೂಲಿಯವರನ್ನು ಕರೆಸಿ ಎಡಗಟ್ಟೆಯನ್ನು ಒಡೆಸಿಬಿಟ್ಟೆ. ಎರಡು ದಿನ ಬಡಿದರೂ ಬಗ್ಗಲಿಲ್ಲ ಅದು. ಮೂರನೇ ದಿನ ಹೋಯಿತು. ಕಾರು ಒಳಗೆ ಬಂತು. ನಮ್ಮವರು ಬಂದು ನೋಡಿ, "ಕೇಳೂದಿಲ್ಲ, ಹೇಳೂದಿಲ್ಲ" ಎಂದು ಗೊಣಗಿ ಸ್ನಾನಕ್ಕೆ ಹೋದರು.

ನಾಲ್ಕು ತಿಂಗಳಿಗೆ ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಂಥ ಬಿರುಕು ಬಂತು. ಮತ್ತೆರಡು ತಿಂಗಳಿಗೆ ಅದರಲ್ಲಿ ನನ್ನ ಬೆರಳು ಹೋಗುತ್ತಿತ್ತು. ನೆತ್ತಿಯ ಮೂರು ಕಲ್ಲು ಜಾರಿ, ಮೇಲಿನ ಕೋಣೆಯ ನೆಲವೂ ಸೀಳಿತು. ನಾನು ಸೀದಾ ಹೋಗಿ ಪಕ್ಕದ ಮನೆಯ ಸಾಹೇಬರ ಮೇಲೆ ಬಿದ್ದೆ. ಅವರು ನಿವೃತ್ತ ಕಂಪೌಂಡರು, ಸಾಧು ಮನುಷ್ಯ. ಅದೇ ಬೇಸಿಗೆಯಲ್ಲಿ ಬೋರ್‌ವೆಲ್ ಕೊರೆಸಿದ್ದರು. ನಿಮ್ಮ ಬೋರಿನ ಅದುರಾಟಕ್ಕೇ ನಮ್ಮ ಮನೆ ಒಡೆಯಿತು ಅಂತ ಗಲ್ಲಿಯಲ್ಲಿ ನಿಂತು ಕೂಗಾಡಿದೆ. ಅವರು ಏನೋ ಹೇಳಲು ಬಂದರು, ಬಾಗಿಲು ಹಾಕಿಕೊಂಡೆ. ಇಪ್ಪತ್ತೈದು ವರ್ಷ ಈದಿಗೆ ಶೀರ್‌ಖುರ್ಮಾ, ಯುಗಾದಿಗೆ ಹೋಳಿಗೆ ಓಡಾಡಿದ್ದ ಮನೆಗಳು. ಮಾತು ನಿಂತಿತು. ಅಷ್ಟಕ್ಕೂ ಸುಮ್ಮನಾಗದೆ ನಗರಪಾಲಿಕೆಗೆ ದೂರು ಬರೆದೆ. ದೂರು ವಿಚಾರಿಸಲು ಬಂದ ಎಂಜಿನಿಯರು ಸಾಹೇಬರ ಬೋರು ನೋಡಿದರು, ಕಾಗದ ಪತ್ರ ನೋಡಿದರು, ಸರಿಯಾಗಿದೆ ಎಂದರು. ಆಮೇಲೆ ತಿರುಗಿ ನಮ್ಮ ಕಮಾನು ನೋಡಿದರು. ಮಾರನೆಯ ದಿನ ನೋಟೀಸು ಬಂದು ನಮ್ಮ ಬಾಗಿಲಿಗೇ ಅಂಟಿತು! ಕಟ್ಟಡ ಅಪಾಯದಲ್ಲಿದೆ, ಮಳೆಗಾಲ ಮುಗಿಯುವುದರೊಳಗೆ ಸರಿಪಡಿಸಿ ತೋರಿಸಬೇಕು, ಇಲ್ಲವಾದರೆ ಕೆಡವಿ ಇಳಿಸಬೇಕು.

ಇಳಿಸಬೇಕು ಅನ್ನುವ ಮಾತು ಓದಿ ಆ ದಿನ ನನಗೆ ಊಟ ಸೇರಲಿಲ್ಲ. ಬಂದು ನೋಡಿದ ಇಬ್ಬರು ಕಂಟ್ರಾಕ್ಟರುಗಳೂ, "ಮೇಡಂ, ಇದ್ಯಾಕೆ ಬೇಕು, ಒಡೆದು ಐದು ಅಂತಸ್ತು ಏಳಿಸೋಣ" ಎಂದರು. ಬೇರೆ ದಾರಿ ಕಾಣದೆ ಬೆಳಿಗ್ಗೆ ಮೆಹದಿಪಟ್ಟಣಂ ಬಸ್ ನಿಲ್ದಾಣದ ಬಳಿಯ ಕೂಲಿಗಳ ಅಡ್ಡಾಕ್ಕೆ ಹೋದೆ. ಬಿರುಕಿಗೆ ಸಿಮೆಂಟು ಮೆತ್ತುವ ಯಾರಾದರೂ ಸಿಕ್ಕರೆ ಸಾಕು ಅಂತಿದ್ದೆ. ತೆಲುಗು ಹಿಂದಿಯ ಗದ್ದಲದ ನಡುವೆ ಒಂದು ಕನ್ನಡದ ದನಿ ಏರಿತ್ತು. "ನೀರ್ ಹೆಚ್ಚಾದ್ರ ಮಾಲು ಅಲ್ಲಪಾ, ಮಜ್ಜಿಗಿ ಆಗ್ತದ! ಮಜ್ಜಿಗಿಲಿಂದ ಮನಿ ಕಟ್ತೀಯೇನು?" ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ, ಗಾರೆ ಕಲಸುವ ಹುಡುಗನೊಬ್ಬನನ್ನು ಬಯ್ಯುತ್ತಿದ್ದರು. ತಲೆಗೆ ಕೆಂಪು ವಸ್ತ್ರ, ಕೈಯಲ್ಲಿ ಕರಣಿ. ಮಣಿಕೊಂಡದ ದೊಡ್ಡ ದೊಡ್ಡ ಟವರುಗಳಲ್ಲಿ ಪ್ಲಾಸ್ಟರು ಮಾಡಿ, ಈಗ ವಯಸ್ಸಾಯಿತೆಂದು ಅಲ್ಲಿ ಯಾರೂ ಕರೆಯದೆ ಈ ಅಡ್ಡಾಕ್ಕೆ ಬಂದು ನಿಂತವರು ಎಂದು ಆಮೇಲೆ ತಿಳಿಯಿತು.

ಮನೆಗೆ ಕರೆತಂದೆ. ಗಲ್ಲಿಯ ತಿರುವಿನಲ್ಲೇ ಚಪ್ಪಲಿ ಬಿಟ್ಟು ನಿಂತುಬಿಟ್ಟರು. "ಯಾಕ್ರಿ?" ಎಂದೆ. "ತಡೀರಿ ಅಕ್ಕಾರ, ಮೊದ್ಲ ಮಾರಿ ನೋಡ್ತೀನಿ" ಎಂದು ಕಮಾನನ್ನೇ ನೋಡಿದರು. ಬಿರುಕಿನ ಕಡೆ ತಿರುಗಿಯೂ ನೋಡಲಿಲ್ಲ. ಬಲಗಟ್ಟೆಯನ್ನು ಅಂಗೈಯಿಂದ ಸವರಿ, ಎಡಕ್ಕೆ ಬಂದು, ನನ್ನ ಕಾರಿನ ಪಕ್ಕ ನೆಲದಲ್ಲಿ ಉಳಿದಿದ್ದ ಗಾರೆಯ ಗುರುತನ್ನು ಕಾಲಿನ ಹೆಬ್ಬೆರಳಿನಿಂದ ಕೆದರಿದರು.

"ಇಲ್ಲೊಂದು ಕಟ್ಟಿ ಇತ್ತಲ್ರಿ. ಎಲ್ಲಿ ಹೋತು?"

"ಕಾರಿಗೆ ಅಡ್ಡ ಆಗ್ತಿತ್ತು. ಅದೇನ್ರಿ, ಕಾವಲುಗಾರರು ಒರಗೂದು..."

"ಒರಗಿದ್ದು ಕಾವಲುಗಾರ ಅಲ್ರಿ ಅಕ್ಕಾರ. ಕಮಾನ ಒರಗಿತ್ತು."

ಅವರು ಎರಡೂ ಅಂಗೈ ಜೋಡಿಸಿ, ಬೆರಳ ತುದಿ ಮೇಲೆ ಮಾಡಿ, ಮೊಣಕೈಗಳನ್ನು ಹೊರಗೆ ಸರಿಸಿ ತೋರಿಸಿದರು. ಕಮಾನು ಸದಾ ಎರಡೂ ಕಾಲುಗಳನ್ನು ಹೊರಕ್ಕೆ ನೂಕುತ್ತಿರುತ್ತದೆ, ಒಂದು ಕಡೆಯ ಆಸರೆ ತೆಗೆದರೆ ಆ ಕಡೆ ಕಾಲು ಜಾರುತ್ತದೆ, ನೆತ್ತಿ ಬಿಚ್ಚಿಕೊಳ್ಳುತ್ತದೆ. ಮಗುವಿಗೆ ಹೇಳಿದ ಹಾಗೆ ಹೇಳಿದರು. ಬಯ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಇಡೀ ಮನೆಯನ್ನು ಕಾರಿಗೋಸ್ಕರ ಕೆಡವಲು ಹೊರಟಿದ್ದೆ, ಮೇಲೆ ತಪ್ಪನ್ನು ಆ ಸಾಧು ಸಾಹೇಬರ ತಲೆಗೆ ಕಟ್ಟಿದ್ದೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ನನ್ನ ಬಾಯಿಂದ ಬಂದದ್ದು, "ಇದನ್ನ ಯಾರಿಗೂ ಹೇಳಬ್ಯಾಡ್ರಿ" ಎಂಬ ಮಾತು.

"ನಾ ಯಾಕ ಹೇಳ್ಲಿ? ಗ್ವಾಡಿ ಕೆಲಸ ನಂದು. ಬಾಯಿ ಕೆಲಸ ನಿಮ್ದು."

ಆಗ್ತದೇನ್ರಿ ಎಂದು ಎಷ್ಟು ಕೇಳಿದರೂ ಮೇಸ್ತ್ರಿ 'ಆಗ್ತದ' ಎನ್ನಲಿಲ್ಲ. "ನೋಡೂಣ್ರಿ" ಎಂದರು. ಕೊನೆಯವರೆಗೂ ಅದೊಂದೇ ಮಾತು. ಕಂಟ್ರಾಕ್ಟರುಗಳು ಬಾಯಿ ತುಂಬ ಐದು ಅಂತಸ್ತಿನ ಭರವಸೆ ಕೊಟ್ಟು ಹೋಗಿದ್ದರು, ಇವರು 'ನೋಡೂಣ್ರಿ' ಅಂದಾಗಲೆಲ್ಲ ನಾನು ಹೊರಗೆ ಹೋಗಿ ಇನ್ನೊಮ್ಮೆ ಬಿರುಕು ನೋಡಿ ಬರುತ್ತಿದ್ದೆ.

ಮೊದಲು ಕಾರು ಹೊರಗೆ ಹೋಯಿತು. ಕಮಾನಿನ ಹೊಟ್ಟೆಯ ಅಡಿಗೆ ಮರದ ಆಸರೆ ಬಂತು. ಆಮೇಲೆ ಗಾರೆಯ ಅಡುಗೆ ಶುರುವಾಯಿತು. ನಾನು ತಂದಿಟ್ಟ ಸಿಮೆಂಟು ಚೀಲದ ಮೇಲೆ ಮೇಸ್ತ್ರಿ ಊಟದ ಡಬ್ಬಿ ಇಟ್ಟುಕೊಂಡರು, ಅದರಿಂದ ಆದ ಉಪಯೋಗ ಅಷ್ಟೇ. "ಸಿಮಿಟ್ ಭಾಳ ಗಡಿಬಿಡಿ ಮನಷ್ಯಾ ರಿ. ಸಂಜಿಕ್ಕೇ ಕಲ್ಲ ಆಗಿ ಕುಂದರ್ತಾನ, ಯಾರ್ ಮಾತೂ ಕೇಳಂಗಿಲ್ಲ. ಸುಣ್ಣ ಹಂಗಲ್ಲ, ಗ್ವಾಡಿ ಕೂಡ ಮಾತಾಡಿಕೋತ ಗಟ್ಟಿ ಆಗ್ತದ." ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿದರು, ಇಟ್ಟಿಗೆ ಪುಡಿ ಸೇರಿಸಿದರು. ಬೆಲ್ಲ ಬೇಕೆಂದರು, ಕೊಟ್ಟೆ. ಐದು ಕಿಲೋ ಅಳಲೆಕಾಯಿ ಬೇಕೆಂದರು. ಸುಲ್ತಾನ್ ಬಜಾರಿನ ಗಿಡಮೂಲಿಕೆ ಅಂಗಡಿಯವನು ಕಣ್ಣರಳಿಸಿ, ಇಷ್ಟೊಂದು ಅಳಲೆಕಾಯಿ, ಮನೆಯಲ್ಲಿ ಯಾರಿಗೆ ಹೊಟ್ಟೆ ಕೆಟ್ಟಿದೆ ಎಂದು ಹಿಂದಿಯಲ್ಲಿ ಕೇಳಿದ. ಗೋಡೆಗೆ ಎಂದೆ. ಪಾಪ, ಎರಡೆರಡು ಸಲ ತೂಗಿ ಕೊಟ್ಟ.

ಕಲಸಿದ ಗಾರೆಯನ್ನು ಮೇಸ್ತ್ರಿ ಮೊದಲು ಮೂಸುತ್ತಿದ್ದರು, ಆಮೇಲೆ ಹೆಬ್ಬೆರಳಿಗೆ ಹಚ್ಚಿ ಒಣಗಲು ಬಿಡುತ್ತಿದ್ದರು. ಅದು ಒಣಗುವವರೆಗೆ ಆ ಬೆರಳನ್ನು ಎತ್ತಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಮನಸ್ಸಿಗೆ ಬಾರದಿದ್ದರೆ ಇಡೀ ಬುಟ್ಟಿ ಚೆಲ್ಲಿಬಿಡುವರು. ಕಲ್ಲು ಕೂರಿಸುವ ಮುಂಚೆ ಅದಕ್ಕೆ ನೀರು ಕುಡಿಸಿ, "ಸಾಕೇನಪಾ?" ಎಂದು ಕೇಳುವರು. ನಮ್ಮವರು ಪೇಪರಿನ ಹಿಂದಿನಿಂದ, "ಏನ್ ಅಂತದ ಅದು?" ಎಂದು ಛೇಡಿಸಿದರೆ, "ನಿಮಗಿಂತ ಚಲೋ ಮಾತಾಡ್ತದ ರಿ ಸರ್" ಎಂಬ ಉತ್ತರ ಬರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕರೆದರೆ ಒಳಗೆ ಬರುತ್ತಿರಲಿಲ್ಲ. ಬಲಗಟ್ಟೆಯ ನೆರಳಲ್ಲಿ, ನೆಲದ ಮೇಲೆ ಕೂತು ಉಣ್ಣುವರು. ಕಟ್ಟೆಯ ಮೇಲೆ ಕೂರ್ರಿ ಅಂದರೆ, "ಅಂವ ದುಡಿಲಾಕತ್ತಾನ, ಅಂವನ ಹೆಗಲ ಮ್ಯಾಲ ನಾ ಹ್ಯಾಂಗ ಕುಂದರ್ಲಿ?" ಎನ್ನುವರು.

ಎಡಗಟ್ಟೆ ಎದ್ದಿತು. ಜಾರಿದ ಮೂರು ಕಲ್ಲು ಬಿಚ್ಚಿ ಮತ್ತೆ ಕೂತವು. ಹೊಸ ಗಾರೆಗೆ ಅಡ್ಡಲಾಗಿ ಮೇಸ್ತ್ರಿ ಐದು ಗಾಜಿನ ಪಟ್ಟಿ ಅಂಟಿಸಿದರು. ಕಮಾನು ಅಲುಗಿದರೆ ಮೊದಲು ಗಾಜು ಒಡೆಯುತ್ತದೆ. ಗಾರೆ ಗಟ್ಟಿಯಾಗಲು ಇನ್ನು ಎರಡು ತಿಂಗಳು ಯಾರೂ ಏನೂ ಮಾಡುವ ಹಾಗಿಲ್ಲ, ಕಾಯಬೇಕು. ಮೇಸ್ತ್ರಿ ಬೇರೆ ಕೆಲಸಕ್ಕೆ ಹೋದರು. ಮಳೆ ಹಿಡಿಯಿತು. ದಿನಾ ಎದ್ದ ಕೂಡಲೇ ಏಣಿ ಹತ್ತಿ ಗಾಜು ನೋಡುವುದೇ ನನ್ನ ಪೂಜೆಯಾಯಿತು.

ಒಂದು ಬೆಳಿಗ್ಗೆ ನೋಡುತ್ತೇನೆ, ಮೂರನೇ ಗಾಜು ಎರಡು ತುಂಡು! ಮೇಸ್ತ್ರಿಗೆ ಫೋನು ಮಾಡಿ ಅತ್ತುಬಿಟ್ಟೆ. ಎರಡು ಬಸ್ಸು ಬದಲಿಸಿ, ಮಳೆಯಲ್ಲಿ ತೊಯ್ದು ಬಂದರು. ಏಣಿ ಹತ್ತಿ ಬಹಳ ಹೊತ್ತು ನೋಡಿದರು. ಇಳಿದು ಬಂದು ನಮ್ಮವರ ಮುಂದೆ ನಿಂತು, "ಸರ್, ಜ್ಯಾಡ ಹೊಡದೀರೇನ್ರಿ?" ಎಂದರು. ನಮ್ಮವರು ಪೇಪರು ಮಡಚಿದರು. ನಿನ್ನೆ ಜೇಡರ ಬಲೆ ಹೊಡೆಯುವಾಗ ಉದ್ದನೆಯ ಕಸಬರಿಗೆ ತಗುಲಿತ್ತಂತೆ. ನನ್ನ ಹೆದರಿಕೆಗೆ ಹೇಳಿರಲಿಲ್ಲವಂತೆ. "ಹೇಳಬಾರದೇನ್ರಿ? ನನ್ನ ಜೀವ ಹೋಗಿತ್ತಲ್ಲ!" ಎಂದು ಕಿರುಚಿದೆ. ಮೇಸ್ತ್ರಿ ವಸ್ತ್ರ ಹಿಂಡುತ್ತಾ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ನಾನೂ ಸಾಹೇಬರಿಗೆ ಹೇಳದೆ ಇಟ್ಟದ್ದು ನೆನಪಾಗಿ ಟವೆಲು ತರಲು ಒಳಗೆ ಹೋದೆ, ಬರುವಷ್ಟರಲ್ಲಿ ಅವರು ಹೊಸ ಗಾಜು ಅಂಟಿಸುತ್ತಿದ್ದರು.

ಮಳೆಗಾಲದ ಕೊನೆಗೆ ಎಂಜಿನಿಯರು ಬಂದರು. ಆಸರೆ ತೆಗೆದ ಮೇಲೆ ಕಮಾನು ತನ್ನಷ್ಟಕ್ಕೆ ನಿಲ್ಲಬೇಕು, ನಿಂತರೆ ನೋಟೀಸು ವಾಪಸು, ಒಂದು ಕಲ್ಲು ಜಾರಿದರೂ ಇಳಿಸುವುದೇ ಎಂದರು. ನ್ಯಾಯದ ಮಾತು. ಮೇಸ್ತ್ರಿ ಅಡ್ಡಾದಿಂದ ಇಬ್ಬರನ್ನು ಕರೆತಂದಿದ್ದರು. ಮರದ ಕಂಬಗಳ ಬುಡಕ್ಕೆ ಹೊಡೆದಿದ್ದ ಬೆಣೆಗಳನ್ನು ಅವರು ಹೊರಗಿನಿಂದ ಒಂದೊಂದಾಗಿ ಬಡಿದು ತೆಗೆಯಬೇಕು. ಗಲ್ಲಿಯವರೆಲ್ಲ ದೂರದಲ್ಲಿ ಸೇರಿದ್ದರು. ಸಾಹೇಬರೂ ತಮ್ಮ ಗೇಟಿನ ಬಳಿ ನಿಂತಿದ್ದರು. ಮೇಸ್ತ್ರಿ ಚಪ್ಪಲಿ ಬಿಟ್ಟು, ನಡೆದು ಹೋಗಿ ಕಮಾನಿನ ನಟ್ಟನಡುವೆ, ಅದರ ನೆತ್ತಿಯ ಕೆಳಗೆ ನಿಂತರು.

ಎಂಜಿನಿಯರು ಗಾಬರಿಯಾಗಿ ಹೊರಗೆ ಬನ್ನಿ ಎಂದರು. ಮೇಸ್ತ್ರಿ ಕದಲಲಿಲ್ಲ. "ನಮ್ಮ ಪದ್ಧತಿ ಹಂಗದರಿ ಎಂಜಿನಿಯರ್ ಸಾಹೇಬ್ರ. ಆಸರಿ ತಗಿಯೂ ಮುಂದ ಕಟ್ಟಿದಾಂವ ಕೆಳಗ ನಿಂದರಬೇಕು. ನಮ್ಮ ಮುತ್ಯಾ ನಿಂತಿದ್ದ, ನಮ್ಮಪ್ಪ ನಿಂತಿದ್ದ."

ನನಗೆ ಏನಾಯಿತೋ, ನಾನೂ ನಡೆದು ಹೋಗಿ ಅವರ ಪಕ್ಕ ನಿಂತೆ. ನಮ್ಮವರು ಹಿಂದಿನಿಂದ ಕೂಗಿದರು.

"ನೀವ್ಯಾಕ ಬಂದ್ರಿ?" ಎಂದರು ಮೇಸ್ತ್ರಿ.

"ಕಟ್ಟಿದಾಂವ ನಿಂದರಬೇಕಂದ್ರ, ಒಡಸಿದಾಕಿನೂ ನಿಂದರಬೇಕಲ್ರಿ" ಎಂದೆ. ಇಡೀ ಗಲ್ಲಿಗೆ ಕೇಳುವ ಹಾಗೆ, ಕನ್ನಡದಲ್ಲೂ, ಆಮೇಲೆ ನನ್ನ ಹರಕು ಹಿಂದಿಯಲ್ಲೂ ಹೇಳಿದೆ. ಕಟ್ಟೆ ಒಡೆಸಿದ್ದು ನಾನು, ಬಿರುಕು ಬಂದದ್ದು ಅದರಿಂದ, ಸಾಹೇಬರ ಬೋರಿನಿಂದ ಅಲ್ಲ, ಗೊತ್ತಾದ ಮೇಲೂ ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಸಾಹೇಬರು ಬಿಳಿ ಪೈಜಾಮ ಎತ್ತಿ ಹಿಡಿದು, ಕೆಸರು ದಾಟಿ, ನಿಧಾನವಾಗಿ ಬಂದು ನನ್ನ ಇನ್ನೊಂದು ಪಕ್ಕ ನಿಂತರು. "ಮೇರೆಕು ಮಾಲೂಂ ಥಾ ಬಹೆನ್" ಎಂದರು. ನನಗೆ ಗೊತ್ತಿತ್ತು ತಂಗಿ, ಅವತ್ತು ಅದನ್ನೇ ಹೇಳಲು ಬಂದಿದ್ದೆ, ನೀವು ಬಾಗಿಲು ಹಾಕಿಕೊಂಡಿರಿ ಎಂದು ನಕ್ಕರು. ಕೊನೆಗೆ ನಮ್ಮವರೂ ಪೇಪರು ಹಿಡಿದುಕೊಂಡೇ ಬಂದು ನಿಂತರು.

"ಮ್ಯಾಲ ನೋಡಬ್ಯಾಡ್ರಿ ಯಾರೂ" ಎಂದರು ಮೇಸ್ತ್ರಿ. "ಹೊಡೀರಿ!"

ಒಂದು ಬೆಣೆ. ಎರಡು. ಮೂರನೆಯದಕ್ಕೆ ಕಂಬಗಳು ಕಿರ್ ಎಂದವು. ಕೊನೆಯ ಬೆಣೆ ಹಾರಿದಾಗ ಮೇಲೆ ಏನೋ ಸಣ್ಣಗೆ ಕರಕ್ ಅಂತು, ನನ್ನ ಹೆಗಲ ಮೇಲೆ ಒಂದು ಹಿಡಿ ಸುಣ್ಣದ ಪುಡಿ ಉದುರಿತು. ಕಣ್ಣು ಮುಚ್ಚಿದೆ. ಮತ್ತೇನೂ ಉದುರಲಿಲ್ಲ. ಕಂಬಗಳನ್ನು ಎಳೆದು ಹೊರಗೆ ಹಾಕಿದರು. ಎಂಜಿನಿಯರು ಏಣಿ ಹತ್ತಿ ಐದೂ ಗಾಜು ಇಡಿಯಾಗಿರುವುದನ್ನು ನೋಡಿದರು, ಇಳಿದರು, ಕಾಗದಕ್ಕೆ ಸಹಿ ಹಾಕಿದರು. ಗಲ್ಲಿಯ ಮಕ್ಕಳು ಚಪ್ಪಾಳೆ ತಟ್ಟಿದವು. ಬದುಕಿದೆನಪ್ಪಾ ಅಂದುಕೊಂಡು ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಎಲ್ಲ ಹೋದ ಮೇಲೆ ಚಹಾ ಮಾಡಿಕೊಂಡು ಹೊರಗೆ ಬಂದೆ. ಮೇಸ್ತ್ರಿ ಒಬ್ಬರೇ ಕಮಾನಿನ ಕೆಳಗೆ ಗೋಡೆಗೆ ಆತು ಕೂತಿದ್ದರು. ಕಪ್ಪು ತೆಗೆದುಕೊಂಡರು, ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಚಹಾ ಪಂಚೆಯ ಮೇಲೆ ಚೆಲ್ಲಿತು.

"ಮೇಸ್ತ್ರಿ, ನಿಮಗೂ ಹೆದರಿಕಿ ಆಗಿತ್ತೇನ್ರಿ?"

"ಆಗಿತ್ರಿ. ಭಾಳ ಆಗಿತ್ತು. ಕಮಾನ ಮುಟ್ಟಿ ಇಪ್ಪತ್ತ ವರ್ಷ ಆಗಿತ್ರಿ ಅಕ್ಕಾರ. ಈ ಊರಿಗಿ ಬಂದಾಗಿಂದ ಬರೇ ಸಿಮಿಟ್, ಬರೇ ಪ್ಲಾಸ್ಟರ್. ಯಾರೂ ಕೇಳಿರಲಿಲ್ಲ, ನಿನಗ ಕಮಾನ ಬರ್ತದೇನು ಅಂತ. ನನಗೂ ಗೊತ್ತಿದ್ದಿಲ್ಲ, ಬರ್ತದೋ ಇಲ್ಲೋ."

"ಮೊದ್ಲ ಯಾಕ ಹೇಳಲಿಲ್ರಿ?"

"ಹೇಳಿದ್ರ ಕೆಲಸ ಕೊಡ್ತಿದ್ರೇನು?"

ಇಲ್ಲ ಎಂದೆ. ಸುಳ್ಳು ಹೇಳುವ ಚೈತನ್ಯ ಆ ದಿನ ನನ್ನಲ್ಲಿ ಉಳಿದಿರಲಿಲ್ಲ.

"ಅದಕ್ಕ ಹೇಳಲಿಲ್ಲ" ಎಂದರು. ಕಪ್ಪು ಕೆಳಗಿಟ್ಟು, ಸುಣ್ಣ ತಿಂದು ಬಿರುಕುಬಿಟ್ಟ ಎರಡೂ ಕೈಗಳನ್ನು ಮುಂದೆ ಚಾಚಿ, ಅವು ಬೇರೆ ಯಾರವೋ ಅನ್ನುವ ಹಾಗೆ ನೋಡಿದರು. ಆಮೇಲೆ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡಿದ್ದೋ, "ಕೈ ಮರ್ತಿಲ್ಲ ನೋಡ್ರಿ" ಎಂದು, ವಸ್ತ್ರದಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು.